ಕಡಿಮೆ ಖರ್ಚಿನಲ್ಲಿ ವ್ಯಾನಿನ ನಿಲುವು: ಸ್ಪ್ರಿಂಗ್, ಚಕ್ರ ಮತ್ತು ಒಂದಿಷ್ಟು ಭೌತಶಾಸ್ತ್ರ

(ವಿಜ್ಞಾನ ವಿಭಾಗದಿಂದ)

ಕುಬಟೂರಿನಿಂದ ಆನವಟ್ಟಿ ಕಡೆಗೆ ಹೋಗಿ, ಶಿರಾಳಕೊಪ್ಪದ ಕಡೆಗೆ ಹೋಗಿ, ದಾರಿಯಲ್ಲಿ ಒಂದಾದರೂ ಓಮ್ನಿ ಅಥವಾ ಈಕೋ ಎದುರಾಗದೆ ಇರುವುದಿಲ್ಲ. ಸಂತೆಗೆ ತರಕಾರಿ, ಶಾಲೆಗೆ ಮಕ್ಕಳು, ಆಸ್ಪತ್ರೆಗೆ ರೋಗಿ, ಮದುವೆ–ವಲೀಮಾಕ್ಕೆ ನೆಂಟರು, ಎಲ್ಲಕ್ಕೂ ಅದೇ ಗಾಡಿ. ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ 1984ರಲ್ಲಿ ಬಂದ ಓಮ್ನಿಯ ತಯಾರಿಕೆ 2019ರಲ್ಲಿ ನಿಂತುಹೋಯಿತು. ಆದರೂ ನಮ್ಮ ಸೊರಬ, ಶಿಕಾರಿಪುರದ ರಸ್ತೆಗಳಿಂದ ಅದು ಇನ್ನೂ ಇಳಿದು ಹೋಗಿಲ್ಲ. 2010ರಲ್ಲಿ ಬಂದ ಈಕೋ ಅದರ ಜಾಗವನ್ನು ನಿಧಾನವಾಗಿ ತುಂಬುತ್ತಿದೆ.

ಹಳೆಯ ವ್ಯಾನು ಮನೆಯಲ್ಲಿದ್ದರೆ ಎರಡು ಮಾತು ಕೇಳಿಬರುತ್ತವೆ. ಅಬ್ಬಾ ಹೇಳುವುದು, "ಹಿಂದೆ ಕುಸಿದು ಕೂತಿದೆ, ಒಂದು ಪಾಟಾ ಜಾಸ್ತಿ ಹಾಕಿಸಬೇಕು." ಮಗ ಹೇಳುವುದು, "ಮುಂದೆ ಸ್ವಲ್ಪ ತಗ್ಗಿಸಿ, ದೊಡ್ಡ ಅಲಾಯ್ ವೀಲ್ ಹಾಕಿಸೋಣ, ನೋಡೋಕೆ ಚೆನ್ನಾಗಿರುತ್ತೆ." ಇಬ್ಬರೂ ಮಾತಾಡುತ್ತಿರುವುದು ಒಂದೇ ವಿಷಯದ ಬಗ್ಗೆ: ಗಾಡಿಯ ನಿಲುವು. ಇದನ್ನು ಕಡಿಮೆ ಹಣದಲ್ಲಿ, ಒಳಗೆ ಕೂರುವವರ ಪ್ರಾಣಕ್ಕೆ ಸಂಚಕಾರ ಬಾರದಂತೆ ಸರಿಪಡಿಸುವುದು ಹೇಗೆ ಎಂದು ನೋಡೋಣ. ಬೇಕಾಗುವ ಲೆಕ್ಕವೆಲ್ಲ ನಮ್ಮ ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲೇ ಇದೆ.

ನಿಲುವು ಅಂದರೇನು?

ನಿಂತ ಗಾಡಿಯನ್ನು ಪಕ್ಕದಿಂದ ನೋಡಿದಾಗ ನಮ್ಮ ಕಣ್ಣು ಮೂರು ಸಂಗತಿಗಳನ್ನು ಒಟ್ಟಿಗೆ ಅಳೆಯುತ್ತದೆ. ಬಾಡಿ ನೆಲದಿಂದ ಎಷ್ಟು ಎತ್ತರದಲ್ಲಿದೆ, ಮುಂದೆ–ಹಿಂದೆ ಮತ್ತು ಎಡ–ಬಲ ಮಟ್ಟವಾಗಿದೆಯೇ, ಚಕ್ರಗಳು ತಮ್ಮ ಕಮಾನಿನೊಳಗೆ ತುಂಬಿದಂತೆ ಕೂತಿವೆಯೇ. ಮೂರೂ ಸರಿಯಿದ್ದರೆ ಇಪ್ಪತ್ತು ವರ್ಷದ ವ್ಯಾನು ಕೂಡ ಗಟ್ಟಿಮುಟ್ಟಾಗಿ ಕಾಣುತ್ತದೆ. ಒಂದು ಕೆಟ್ಟರೂ ಹೊಸ ಬಣ್ಣ ಹೊಡೆಸಿದ ಗಾಡಿ ಸೋತಂತೆ ಕಾಣುತ್ತದೆ.

ನಿಲುವು ಕೇವಲ ಅಂದದ ಪ್ರಶ್ನೆಯಲ್ಲ. ಓಮ್ನಿಯ ಅಗಲ 1,410 ಮಿ.ಮೀ., ಎತ್ತರ 1,640 ಮಿ.ಮೀ. ಅಂದರೆ ಅಗಲಕ್ಕಿಂತ ಎತ್ತರವೇ ಹೆಚ್ಚು. ಇಂಥ ಗಾಡಿಯಲ್ಲಿ ಗುರುತ್ವ ಕೇಂದ್ರ ಎಲ್ಲಿದೆ ಎಂಬುದೇ ಮುಖ್ಯ. ಲೆಕ್ಕ ಸುಲಭವಾಗಲೆಂದು ಎಡ–ಬಲ ಚಕ್ರಗಳ ನಡುವಿನ ಅಂತರ 1,200 ಮಿ.ಮೀ., ಗುರುತ್ವ ಕೇಂದ್ರ ನೆಲದಿಂದ 600 ಮಿ.ಮೀ. ಎಂದುಕೊಳ್ಳಿ. ಅಂತರದ ಅರ್ಧವನ್ನು ಎತ್ತರದಿಂದ ಭಾಗಿಸಿದರೆ 1 ಬರುತ್ತದೆ. ಇಂಥ ಗಾಡಿ ಮಗುಚಬೇಕಾದರೆ 45 ಡಿಗ್ರಿ ವಾಲಬೇಕು. ಈಗ ಗಾಡಿಯನ್ನು 50 ಮಿ.ಮೀ. ಎತ್ತಿಸಿದರೆ ಆ ಕೋನ 43 ಡಿಗ್ರಿಗೆ ಇಳಿಯುತ್ತದೆ. ಮೇಲಿನ ಕ್ಯಾರಿಯರ್ ಮೇಲೆ ಮೂಟೆ ಹೇರಿ ಗುರುತ್ವ ಕೇಂದ್ರ 750 ಮಿ.ಮೀ.ಗೆ ಏರಿದರೆ ಕೋನ 39 ಡಿಗ್ರಿಯ ಒಳಗೆ ಬಂದುಬಿಡುತ್ತದೆ. ಇದು ನಿಂತ ಗಾಡಿಯ ಲೆಕ್ಕ. ತಿರುವಿನಲ್ಲಿ ವೇಗವೂ ಸೇರಿದಾಗ ಉಳಿಯುವ ಅವಕಾಶ ಇದಕ್ಕಿಂತ ಕಡಿಮೆ.

ಮೊದಲು ಅಳತೆ, ಆಮೇಲೆ ಗ್ಯಾರೇಜು

ಅಳತೆ ಟೇಪು, ಗಾಳಿ ನೋಡುವ ಗೇಜು ಮತ್ತು ಒಂದು ಹಾಳೆ ಇದ್ದರೆ ಸಾಕು. ಮಟ್ಟವಾದ ಸಿಮೆಂಟು ನೆಲದ ಮೇಲೆ ಗಾಡಿ ನಿಲ್ಲಿಸಿ. ಸಾಮಾನು ಇಳಿಸಿ. ನಾಲ್ಕೂ ಟೈರಿಗೆ ಕಂಪನಿ ಹೇಳಿದಷ್ಟು ಗಾಳಿ ಹಿಡಿಸಿ. ಒಮ್ಮೆ ಮುಂದೆ, ಒಮ್ಮೆ ಹಿಂದೆ ಉರುಳಿಸಿ ನಿಲ್ಲಿಸಿದರೆ ಸ್ಪ್ರಿಂಗುಗಳು ತಮ್ಮ ಸಹಜ ಸ್ಥಿತಿಗೆ ಬರುತ್ತವೆ. ಈಗ ಪ್ರತಿ ಚಕ್ರದ ನಡುಬಿಂದುವಿನಿಂದ ಅದರ ಮೇಲಿನ ಕಮಾನಿನ ಅಂಚಿನವರೆಗೆ ಅಳೆದು ಬರೆದುಕೊಳ್ಳಿ. ನೆಲದಿಂದ ಅಳೆದರೆ ಟೈರಿನ ಸವೆತವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ನಡುಬಿಂದುವಿನಿಂದ ಅಳೆದರೆ ಸ್ಪ್ರಿಂಗಿನ ಸ್ಥಿತಿ ಮಾತ್ರ ತಿಳಿಯುತ್ತದೆ.

ಎಡ ಮುಂದಿನದನ್ನು ಬಲ ಮುಂದಿನದರೊಂದಿಗೆ, ಎಡ ಹಿಂದಿನದನ್ನು ಬಲ ಹಿಂದಿನದರೊಂದಿಗೆ ಹೋಲಿಸಿ. ಮುಂದಿನ ಕಮಾನಿನ ಆಕಾರವೇ ಬೇರೆಯಾದ್ದರಿಂದ ಮುಂದಿನದನ್ನು ಹಿಂದಿನದಕ್ಕೆ ನೇರವಾಗಿ ಹೋಲಿಸಬೇಡಿ. ಎಡ–ಬಲ ವ್ಯತ್ಯಾಸ ಸುಮಾರು 10 ಮಿ.ಮೀ. ದಾಟಿದ್ದರೆ ಒಂದು ಬದಿಯ ಸ್ಪ್ರಿಂಗ್, ಪಾಟಾ ಅಥವಾ ಬುಷ್ ಸೋತಿದೆ ಎಂದು ಅನುಮಾನಿಸಬೇಕು. ಚಾಲಕ ಒಬ್ಬನೇ ಓಡಾಡುವ ಗಾಡಿಯಲ್ಲಿ ಬಲಬದಿ ಹೆಚ್ಚು ಸೋತಿರುವುದು ಸಹಜ.

ಸ್ಪ್ರಿಂಗಿನ ಕೆಲಸ ಬೇರೆ, ಶಾಕ್ ಕೆಲಸ ಬೇರೆ

"ಗಾಡಿ ಕುಸಿದಿದೆ, ಶಾಕ್ ಬದಲಿಸಿ" ಎಂಬ ಮಾತು ಸಾಮಾನ್ಯ. ಆದರೆ ಗಾಡಿಯನ್ನು ಹೊತ್ತು ನಿಲ್ಲಿಸುವುದು ಸ್ಪ್ರಿಂಗ್. ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್ ಮಾಡುವುದು ಸ್ಪ್ರಿಂಗಿನ ಕುಣಿತವನ್ನು ನಿಲ್ಲಿಸುವ ಕೆಲಸ. ಹಾಗಾಗಿ ಕುಸಿದ ಗಾಡಿಗೆ ಹೊಸ ಶಾಕ್ ಹಾಕಿಸಿದರೆ ಹಣ ಹೋಗುತ್ತದೆ, ಎತ್ತರ ಬರುವುದಿಲ್ಲ. ಶಾಕ್ ಪರೀಕ್ಷಿಸಲು ಗಾಡಿಯ ಒಂದು ಮೂಲೆಯನ್ನು ಬಲವಾಗಿ ಒತ್ತಿ ಬಿಡಿ. ಒಮ್ಮೆ ಮೇಲೆದ್ದು ನಿಂತರೆ ಸರಿ. ಮೂರು–ನಾಲ್ಕು ಸಲ ಕುಣಿದರೆ, ಅಥವಾ ಮೈಮೇಲೆ ಎಣ್ಣೆ ಸೋರಿದ್ದರೆ, ಅದನ್ನು ಬದಲಿಸುವ ಹೊತ್ತಾಗಿದೆ.

ಓಮ್ನಿ ಮತ್ತು ಈಕೋ ಎರಡಕ್ಕೂ ಮುಂದೆ ಸ್ಟ್ರಟ್ ಇದೆ, ಅಂದರೆ ಸುರುಳಿ ಸ್ಪ್ರಿಂಗ್ ಮತ್ತು ಶಾಕ್ ಒಟ್ಟಿಗೆ ಜೋಡಿಸಿದ ಕಂಬ. ಹಿಂದೆ ವ್ಯತ್ಯಾಸವಿದೆ. ಓಮ್ನಿಗೆ ಲಾರಿಯಂತೆ ಪಾಟಾ, ಈಕೋಗೆ ಸುರುಳಿ ಸ್ಪ್ರಿಂಗ್. ಆದ್ದರಿಂದ ಓಮ್ನಿಗೆ ಹೇಳಿದ ಉಪಾಯ ಈಕೋಗೆ ನಡೆಯುವುದಿಲ್ಲ.

ತಗ್ಗಿಸುವ ಆಸೆ: ಒಂದು ಸುತ್ತು ಕತ್ತರಿಸಿದರೆ ಏನಾಗುತ್ತದೆ?

ಗಾಡಿ ತಗ್ಗಿಸಲು ಎಲ್ಲಕ್ಕಿಂತ ಅಗ್ಗದ ದಾರಿಯೆಂದು ಸ್ಪ್ರಿಂಗಿನ ಒಂದು ಸುತ್ತನ್ನು ಕತ್ತರಿಸುವುದುಂಟು. ರಾಬರ್ಟ್ ಹೂಕ್ 1678ರಲ್ಲಿ ಪ್ರಕಟಿಸಿದ ನಿಯಮವನ್ನು ಇಲ್ಲಿಗೆ ತರೋಣ: ಸ್ಪ್ರಿಂಗ್ ಎಷ್ಟು ಕುಗ್ಗುತ್ತದೆ ಎಂಬುದು ಅದರ ಮೇಲಿನ ಬಲಕ್ಕೆ ಅನುಪಾತದಲ್ಲಿರುತ್ತದೆ. ಇದಕ್ಕೆ ಇನ್ನೊಂದನ್ನು ಸೇರಿಸಿ. ಸುರುಳಿಯ ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡುಸಾಗುತ್ತದೆ.

ಉದಾಹರಣೆಗೆ 300 ಮಿ.ಮೀ. ಉದ್ದದ, 6 ಸುತ್ತಿನ ಸ್ಪ್ರಿಂಗ್ ಇದೆ ಎನ್ನಿ. ಅದರ ಸ್ಥಿರಾಂಕ ಮಿಲಿಮೀಟರಿಗೆ 30 ನ್ಯೂಟನ್. ಅದರ ಮೇಲಿನ ಭಾರ 3,000 ನ್ಯೂಟನ್, ಅಂದರೆ ಸುಮಾರು 300 ಕೆ.ಜಿ. ತೂಕ. ಅದು 100 ಮಿ.ಮೀ. ಕುಗ್ಗಿ 200 ಮಿ.ಮೀ.ಗೆ ನಿಲ್ಲುತ್ತದೆ. ಕೆಳಗಿನ ರಬ್ಬರ್ ತಡೆಗೆ ಬಡಿಯಲು ಇನ್ನೂ 70 ಮಿ.ಮೀ. ಜಾಗವಿದೆ ಎಂದುಕೊಳ್ಳೋಣ. ಆ ತಡೆಗೆ ಬಡಿಯಬೇಕಾದರೆ ರಸ್ತೆಯ ಉಬ್ಬು 70 × 30, ಅಂದರೆ 2,100 ನ್ಯೂಟನ್ ಹೆಚ್ಚುವರಿ ಬಲ ಹಾಕಬೇಕು.

ಒಂದು ಸುತ್ತು ಕತ್ತರಿಸಿದೆವು. ಈಗ ಉದ್ದ 250 ಮಿ.ಮೀ., ಸುತ್ತು 5, ಸ್ಥಿರಾಂಕ 36. ಅದೇ ಭಾರಕ್ಕೆ ಸ್ಪ್ರಿಂಗ್ 83 ಮಿ.ಮೀ. ಕುಗ್ಗಿ 167ಕ್ಕೆ ನಿಲ್ಲುತ್ತದೆ. ಗಾಡಿ 33 ಮಿ.ಮೀ. ತಗ್ಗಿತು, ಬೇಕಾದ ನಿಲುವು ಸಿಕ್ಕಿತು. ಆದರೆ ತಡೆಗೆ ಉಳಿದ ಜಾಗ 37 ಮಿ.ಮೀ. ಮಾತ್ರ. ಈಗ ಬಡಿಯಲು ಬೇಕಾದ ಬಲ ಸುಮಾರು 1,320 ನ್ಯೂಟನ್. ಸ್ಪ್ರಿಂಗ್ ಗಡುಸಾದರೂ ತಡೆಗೆ ಬಡಿಯುವುದು ಮೊದಲಿಗಿಂತ ಸುಲಭವಾಯಿತು! ಊರಿಗೊಂದು ಹಂಪು, ಮಳೆಗಾಲಕ್ಕೊಂದು ಹೊಸ ಗುಂಡಿ ಇರುವ ನಮ್ಮ ರಸ್ತೆಯಲ್ಲಿ ಪ್ರತಿ ಬಡಿತವೂ ನೇರವಾಗಿ ಬಾಡಿಗೆ, ಸ್ಟ್ರಟ್ಟಿನ ಮೇಲ್ಭಾಗಕ್ಕೆ, ಕೂತವರ ಬೆನ್ನಿಗೆ ಹೋಗುತ್ತದೆ.

ಇನ್ನೂ ಎರಡು ತೊಂದರೆಗಳಿವೆ. ಕತ್ತರಿಸಿದ ತುದಿ ತನ್ನ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಗುಂಡಿಯ ಮೇಲೆ ಜೋತುಬಿದ್ದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಟ್ಟು ಕದಲಬಹುದು. ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಕುಗ್ಗಿಸುವುದಂತೂ ಇದಕ್ಕಿಂತ ಕೆಟ್ಟದ್ದು. ಸ್ಪ್ರಿಂಗಿನ ಉಕ್ಕಿಗೆ ಬಲ ಬಂದಿರುವುದೇ ಕಾರ್ಖಾನೆಯಲ್ಲಿ ಲೆಕ್ಕಹಾಕಿ ಕೊಟ್ಟ ಹದದಿಂದ. ಕಾಯಿಸಿದ ಜಾಗದಲ್ಲಿ ಆ ಹದ ಹೋಗಿ ಮುಂದೊಂದು ದಿನ ಅಲ್ಲೇ ಮುರಿಯುತ್ತದೆ.

ಎತ್ತುವ ಆಸೆ: ಇನ್ನೊಂದು ಪಾಟಾ

ಬಾಡಿಗೆಗೆ ಓಡುವ ಓಮ್ನಿಗಳಲ್ಲಿ ಹಿಂದೆ ಹೆಚ್ಚುವರಿ ಪಾಟಾ ಹಾಕಿಸುವುದು ಹಳೆಯ ರೂಢಿ. ಮೆಕ್ಕೆಜೋಳದ ಚೀಲ, ಶುಂಠಿ ಮೂಟೆ ಹೇರಿದಾಗ ಹಿಂಭಾಗ ಕುಸಿಯಬಾರದು ಎಂಬುದು ಉದ್ದೇಶ. ಒಂದೇ ದಪ್ಪ, ಒಂದೇ ಉದ್ದದ ನಾಲ್ಕು ಪಾಟಾಕ್ಕೆ ಐದನೆಯದು ಸೇರಿದರೆ ಗಡಸುತನ ಕಾಲು ಭಾಗ ಹೆಚ್ಚುತ್ತದೆ. ದಪ್ಪದ ಪರಿಣಾಮ ಇದಕ್ಕಿಂತ ಬಹಳ ದೊಡ್ಡದು. ಗಡಸುತನ ದಪ್ಪದ ಘನಕ್ಕೆ ಅನುಪಾತದಲ್ಲಿರುವುದರಿಂದ, ದಪ್ಪ ಎರಡರಷ್ಟಾದರೆ ಒಂದು ಪಾಟಾದ ಗಡಸುತನ ಎಂಟರಷ್ಟಾಗುತ್ತದೆ. ಗುಜರಿಯಲ್ಲಿ ಸಿಕ್ಕ ದೊಡ್ಡ ಗಾಡಿಯ ಪಾಟಾವನ್ನು ಕತ್ತರಿಸಿ ಸೇರಿಸಿದರೆ ಗಾಡಿ ಏಕೆ ಕಲ್ಲಿನಂತಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಹೊರೆಯಿದ್ದಾಗ ನೆಟ್ಟಗೆ ನಿಲ್ಲುವ ಆ ಗಾಡಿ ಹೊರೆ ಇಳಿಸಿದ ಮೇಲೆ ಹಿಂಭಾಗ ಎತ್ತಿಕೊಂಡು ಓಡುತ್ತದೆ. ಹಿಂದಿನ ಚಕ್ರ ಉಬ್ಬಿನ ಮೇಲೆ ನೆಲ ಬಿಟ್ಟು ಹಾರುತ್ತದೆ. ನೆಲಕ್ಕೆ ತಾಗದ ಚಕ್ರಕ್ಕೆ ಬ್ರೇಕೂ ಇಲ್ಲ, ಹಿಡಿತವೂ ಇಲ್ಲ. ಹೆಡ್‌ಲೈಟು ನೆಲ ನೋಡುತ್ತದೆ. ಕೆಲವು ವ್ಯಾನುಗಳಲ್ಲಿ ಹಿಂದಿನ ಆಕ್ಸಲ್ ಮತ್ತು ಬಾಡಿಯ ನಡುವಿನ ಅಂತರ ನೋಡಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಕೊಡಬೇಕೆಂದು ತೀರ್ಮಾನಿಸುವ ಒಂದು ವಾಲ್ವ್ ಇರುತ್ತದೆ. ಅಂತರ ಹೆಚ್ಚಿದರೆ ಗಾಡಿ ಖಾಲಿ ಇದೆ ಎಂದೇ ಅದರ ಲೆಕ್ಕ. ಹೊರೆ ತುಂಬಿದ ಗಾಡಿಗೆ ಆಗ ಹಿಂದಿನ ಬ್ರೇಕು ಸಾಲದೆ ಹೋಗುತ್ತದೆ.

ಹಾಗಾದರೆ ಕುಸಿದ ಪಾಟಾಕ್ಕೆ ಏನು ಮಾಡಬೇಕು? ಹೆಚ್ಚಿಸುವುದಲ್ಲ, ಮೊದಲಿನ ಸ್ಥಿತಿಗೆ ತರುವುದು. ಮುರಿದ ಪಾಟಾ ಇದೆಯೇ, ಯು ಬೋಲ್ಟ್ ಸಡಿಲವಿದೆಯೇ, ತುದಿಯ ರಬ್ಬರ್ ಬುಷ್ ನುಣ್ಣಗಾಗಿದೆಯೇ ಎಂದು ಮೊದಲು ನೋಡಿಸಿ. ಎಷ್ಟೋ ಸಲ ಬುಷ್ ಬದಲಿಸಿದರೇ ಗಾಡಿಯ ಅರ್ಧ ಸದ್ದು ಹೋಗಿ ಒಂದಿಷ್ಟು ಎತ್ತರವೂ ವಾಪಸು ಬರುತ್ತದೆ. ಬಾಗು ಹೋಗಿದ್ದರೆ ಅದೇ ಮಾದರಿಯ ಪಾಟಾ ಸೆಟ್ಟನ್ನು ಎರಡೂ ಬದಿಗೆ ಒಟ್ಟಿಗೆ ಹಾಕಿಸಿ. ಈಕೋಗಾದರೆ ಅದೇ ನಮೂನೆಯ ಸುರುಳಿ ಸ್ಪ್ರಿಂಗ್ ಜೋಡಿ. ಒಂದೇ ಬದಿ ಬದಲಿಸಿ ಹಣ ಉಳಿಸಿದರೆ ಗಾಡಿ ಇನ್ನೊಂದು ಬದಿಗೆ ವಾಲುತ್ತದೆ.

ಟೈರಿನ ಮೇಲಿನ ಬರಹ ಓದುವುದು

ಈಕೋದ ಪ್ರಯಾಣಿಕ ಮಾದರಿಯ ಟೈರಿನ ಮೇಲೆ 155/65 ಆರ್13 ಎಂದಿರುತ್ತದೆ. 155 ಎಂದರೆ ಮಿಲಿಮೀಟರಿನಲ್ಲಿ ಅಗಲ. 65 ಎಂದರೆ ಪಕ್ಕೆಯ ಎತ್ತರ ಅಗಲದ ನೂರಕ್ಕೆ 65 ಭಾಗ. 13 ಎಂದರೆ ಇಂಚಿನಲ್ಲಿ ರಿಮ್ಮಿನ ವ್ಯಾಸ. ಪಕ್ಕೆ 100.75 ಮಿ.ಮೀ.; ಮೇಲೆ–ಕೆಳಗೆ ಎರಡು ಪಕ್ಕೆ ಸೇರಿ 201.5, ರಿಮ್ 13 × 25.4, ಅಂದರೆ 330.2. ಒಟ್ಟು ವ್ಯಾಸ ಸುಮಾರು 532 ಮಿ.ಮೀ.

ಇದರ ಬದಲು 165/65 ಆರ್14 ಹಾಕಿಸಿದರೆ? ಅದೇ ಲೆಕ್ಕದಲ್ಲಿ ವ್ಯಾಸ 570 ಮಿ.ಮೀ. ಬರುತ್ತದೆ. ನೂರಕ್ಕೆ 7 ಹೆಚ್ಚು. ಮೀಟರು 60 ತೋರಿಸುವಾಗ ಗಾಡಿ ನಿಜಕ್ಕೂ 64ರಲ್ಲಿ ಓಡುತ್ತಿರುತ್ತದೆ. ಏರಿನಲ್ಲಿ ಎಂಜಿನ್ ಏದುಸಿರು ಬಿಡುತ್ತದೆ. ಚಕ್ರ ಪೂರ್ತಿ ತಿರುಗಿಸಿದಾಗ ಟೈರು ಒಳಗಿನ ತಗಡಿಗೆ ಉಜ್ಜಬಹುದು. ಇಷ್ಟೆಲ್ಲ ಆಗಿ ಗಾಡಿ ಏರುವುದು ಹೆಚ್ಚಾದ ವ್ಯಾಸದ ಅರ್ಧ, ಅಂದರೆ ಕೇವಲ 19 ಮಿ.ಮೀ.! 14 ಇಂಚಿನ ರಿಮ್ಮೇ ಬೇಕೆಂದರೆ ಪಕ್ಕೆ ಗಿಡ್ಡವಾಗಬೇಕು. ಲೆಕ್ಕಕ್ಕೆ 165/55 ಆರ್14ರ ವ್ಯಾಸ 537 ಮಿ.ಮೀ., ಮೂಲದ ಹತ್ತಿರವೇ ಬರುತ್ತದೆ. ಆದರೆ ಗಿಡ್ಡ ಪಕ್ಕೆಯ ಟೈರಿನಲ್ಲಿ ಗುಂಡಿಯ ಏಟು ರಿಮ್ಮಿಗೇ ಬೀಳುತ್ತದೆ.

ಓಮ್ನಿಯ ಟೈರಿನ ಮೇಲೆ 145 ಆರ್12 ಜೊತೆಗೆ ಎಲ್‌ಟಿ ಮತ್ತು ಪಿಆರ್ ಎಂಬ ಗುರುತುಗಳಿರುತ್ತವೆ. ಎಲ್‌ಟಿ ಎಂದರೆ ಹಗುರ ಸರಕು ವಾಹನದ ಟೈರು, ಪಿಆರ್ ಅದರ ಹೊರುವ ಬಲದ ಸೂಚನೆ. ಅಂದಕ್ಕೆಂದು ಇದನ್ನು ತೆಗೆದು ಮಾಮೂಲಿ ಕಾರಿನ ಟೈರು ಹಾಕಿಸಿದರೆ ನೋಡಲು ಒಂದೇ ಥರ ಕಂಡರೂ ಹೊರುವ ಶಕ್ತಿ ಕಡಿಮೆಯಾಗಿರುತ್ತದೆ. ಎಂಟು ಜನ ತುಂಬಿದ ದಿನ ಅದರ ವ್ಯತ್ಯಾಸ ತಿಳಿಯುತ್ತದೆ. ಹಳೆಯ ಟೈರು ಕೊಳ್ಳುವವರು ಹೂವಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಆ ಮಿತಿ ತೋರಿಸುವ ಸಣ್ಣ ಉಬ್ಬುಗಳು ಟೈರಿನ ಗೆರೆಗಳ ನಡುವೆಯೇ ಇರುತ್ತವೆ. ಪಕ್ಕೆಯಲ್ಲಿ ಬಿರುಕು ಇದ್ದರೂ ಅಷ್ಟೇ.

ರಿಮ್: ಹೊರಗೆ ಚಾಚಿದಷ್ಟೂ ಬೇರಿಂಗಿಗೆ ಭಾರ

ಬೇರೆ ಕಾರಿನ ಸೆಕೆಂಡ್ ಹ್ಯಾಂಡ್ ಅಲಾಯ್ ವೀಲ್ ಅಗ್ಗಕ್ಕೆ ಸಿಕ್ಕಿತೆಂದು ತರುವ ಮುಂಚೆ ನಾಲ್ಕು ಸಂಗತಿ ನೋಡಿ. ಬೋಲ್ಟುಗಳ ಅಂತರ (ನಾಲ್ಕು ಬೋಲ್ಟಿನ ರಿಮ್ಮಿನಲ್ಲಿ ಎದುರುಬದುರಿನ ಎರಡು ತೂತುಗಳ ನಡುವಿನಿಂದ ನಡುವಿಗೆ ಅಳೆದರೆ ಸಿಗುತ್ತದೆ), ನಡುವಿನ ದೊಡ್ಡ ತೂತಿನ ಅಳತೆ, ನಟ್ಟು ಕೂರುವ ಜಾಗದ ಆಕಾರ ಮತ್ತು ರಿಮ್ ಒಳಗೆ ಅಥವಾ ಹೊರಗೆ ಎಷ್ಟು ಚಾಚಿದೆ ಎಂಬುದು. ಬೋಲ್ಟಿನ ಅಂತರ ಒಂದೆರಡು ಮಿ.ಮೀ. ತಪ್ಪಿದರೂ ನಟ್ಟು ವಾಲಿ ಕೂರುತ್ತದೆ, ಬಿಗಿ ನಿಲ್ಲುವುದಿಲ್ಲ.

ಚಕ್ರ ಹೊರಗೆ ಬಂದಂತೆ ಕಾಣಲೆಂದು ನಡುವೆ ಸ್ಪೇಸರ್ ಇಡುವುದೂ ಇದೆ. ಇದು ಟಾರ್ಕಿನ ಪಾಠ. ಒಂದು ಚಕ್ರದ ಮೇಲೆ 2,500 ನ್ಯೂಟನ್ ಭಾರವಿದ್ದು ಚಕ್ರ 25 ಮಿ.ಮೀ. ಹೊರಗೆ ಸರಿದರೆ, ಬೇರಿಂಗಿನ ಮೇಲೆ 2,500 × 0.025, ಅಂದರೆ 62.5 ನ್ಯೂಟನ್ ಮೀಟರ್ ಹೆಚ್ಚುವರಿ ತಿರುಚು ಬೀಳುತ್ತದೆ. ಗಾಡಿ ನಿಂತಾಗಲೇ ಇಷ್ಟು. ಗುಂಡಿಗೆ ಬಿದ್ದಾಗ ಇದರ ಹಲವು ಪಟ್ಟು. ಬೇರಿಂಗ್ ಬೇಗ ಸದ್ದು ಮಾಡತೊಡಗುವುದು ಇದರಿಂದಲೇ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ, 1988ರ 52ನೇ ವಿಧಿಯಂತೆ, ತಯಾರಕರು ಹೇಳಿದ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾಲೀಕ ಬದಲಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ವಿಧಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮೂಲದಲ್ಲಿದ್ದ ಅಳತೆಯದೇ ಹೊಸ ಸ್ಪ್ರಿಂಗ್, ಟೈರು, ಬುಷ್ ಹಾಕಿಸುವುದು ರಿಪೇರಿ. ಅದಕ್ಕೆ ಭಯವಿಲ್ಲ. ಅದನ್ನು ಮೀರಿದ ಬದಲಾವಣೆ ಬೇಕಿದ್ದರೆ ಕೆಎ-15ರ ಸಾಗರವಾಗಲಿ, ಕೆಎ-14ರ ಶಿವಮೊಗ್ಗವಾಗಲಿ, ನಿಮ್ಮ ಗಾಡಿ ನೋಂದಣಿಯಾದ ಆರ್‌ಟಿಒ ಕಚೇರಿಯಲ್ಲಿ ಮೊದಲು ಕೇಳಿ. ವಿಮೆ ಕಂಪನಿಗೆ ಹೇಳದೆ ಗಾಡಿ ಬದಲಿಸಿದರೆ ಅಪಘಾತದ ನಂತರ ಪರಿಹಾರದ ಹಣಕ್ಕೆ ತಕರಾರು ಬರುತ್ತದೆ. ಬಾಡಿಗೆ ಗಾಡಿಯನ್ನೇ ನಂಬಿದ ಮನೆಗೆ ಅದನ್ನು ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ.

ನಮ್ಮಲ್ಲಿ ಹೆಚ್ಚಿನವರಿಗೆ 18 ತುಂಬಿಲ್ಲ ಎಂಬುದನ್ನೂ ನೆನಪಿಡೋಣ. ಗಾಡಿ ಅಳೆಯಬಹುದು, ತೊಳೆಯಬಹುದು, ಬಣ್ಣ ಹಚ್ಚಬಹುದು; ರಸ್ತೆಗೆ ತೆಗೆಯುವಂತಿಲ್ಲ. ತೆಗೆದು ಅಪರಾಧವಾದರೆ 199ಎ ವಿಧಿಯಡಿ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲಿನ ಅವಕಾಶವಿದೆ, ಗಾಡಿಯ ನೋಂದಣಿ ಒಂದು ವರ್ಷ ರದ್ದಾಗುತ್ತದೆ.

ಹಣ ಯಾವ ಕ್ರಮದಲ್ಲಿ ಖರ್ಚು ಮಾಡಬೇಕು?

ಮೇಲಿನದನ್ನೆಲ್ಲ ಒಟ್ಟು ಮಾಡಿದರೆ ಕ್ರಮ ಹೀಗಾಗುತ್ತದೆ. ಒಂದು ಹಂತ ಮುಗಿದ ಮೇಲೆ ಮತ್ತೆ ಅಳೆಯಿರಿ. ಸಾಕೆನಿಸಿದರೆ ಅಲ್ಲೇ ನಿಲ್ಲಿಸಿ.

1. ಖರ್ಚಿಲ್ಲದ್ದು: ಬೇಡದ ಸಾಮಾನು, ಖಾಲಿ ಕ್ಯಾರಿಯರ್ ಇಳಿಸುವುದು. ನಾಲ್ಕೂ ಟೈರಿಗೆ ಸರಿಯಾದ ಗಾಳಿ. ಪಾಟಾ, ಚಕ್ರದ ಒಳಭಾಗದಲ್ಲಿ ಕಟ್ಟಿದ ಮಳೆಗಾಲದ ಕೆಸರು ತೊಳೆಯುವುದು.

2. ಕೈಯಿಂದ ಆಗುವುದು: ಕಬ್ಬಿಣದ ರಿಮ್ಮಿನ ತುಕ್ಕನ್ನು ಮರಳುಕಾಗದದಿಂದ ಉಜ್ಜಿ, ಪ್ರೈಮರ್ ಹಚ್ಚಿ, ಬೆಳ್ಳಿ ಅಥವಾ ಕಪ್ಪು ಬಣ್ಣ ಹೊಡೆಯುವುದು. ನಟ್ಟು ಕೂರುವ ಜಾಗಕ್ಕೂ, ರಿಮ್ ಹಬ್ಬಿಗೆ ತಾಗುವ ಜಾಗಕ್ಕೂ ಬಣ್ಣ ಬೇಡ. ಅಲ್ಲಿ ಬಣ್ಣ ಇದ್ದರೆ ಅದು ಸವೆದಂತೆ ನಟ್ಟು ಸಡಿಲವಾಗುತ್ತದೆ. ಚಕ್ರ ಬಿಚ್ಚಿ ಹಾಕಿದ ಮೇಲೆ 50–100 ಕಿ.ಮೀ. ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಬೇಕು.

3. ಸಣ್ಣ ಖರ್ಚು: ಪಾಟಾ ಬುಷ್, ಯು ಬೋಲ್ಟ್, ಸ್ಟ್ರಟ್ಟಿನ ಮೇಲಿನ ರಬ್ಬರ್. ರಬ್ಬರ್ ಬುಷ್‌ಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ; ರಬ್ಬರ್ ಉಬ್ಬಿ ಹಾಳಾಗುತ್ತದೆ.

4. ಮಧ್ಯಮ ಖರ್ಚು: ಸೋತ ಸ್ಪ್ರಿಂಗ್ ಅಥವಾ ಪಾಟಾ, ಸೋರುವ ಶಾಕ್. ಯಾವಾಗಲೂ ಎರಡೂ ಬದಿಗೆ ಜೋಡಿಯಾಗಿ, ಅದೇ ಮಾದರಿಯದ್ದು. ಮುಂದಿನ ಎತ್ತರ ಬದಲಾದರೆ ಚಕ್ರದ ಕೋನವೂ ಬದಲಾಗುತ್ತದೆ. ಅಂದೇ ವೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ.

5. ಕೊನೆಯ ಖರ್ಚು: ನಾಲ್ಕೂ ಒಂದೇ ಅಳತೆಯ, ಒಂದೇ ಬಗೆಯ ಟೈರು. ಆಮೇಲೂ ಹಣ ಉಳಿದರೆ ಕಂಪನಿ ಒಪ್ಪಿದ ಅಳತೆಯ ಅಲಾಯ್ ವೀಲ್, ಅದಕ್ಕೆ ಹೊಂದುವ ನಟ್ಟುಗಳೊಂದಿಗೆ.

ಹೆಚ್ಚಿನ ಹಳೆಯ ವ್ಯಾನುಗಳು ಮೂರನೇ ಅಥವಾ ನಾಲ್ಕನೇ ಹಂತಕ್ಕೇ ಮಟ್ಟಕ್ಕೆ ಬರುತ್ತವೆ. ಅಬ್ಬಾ ಕೇಳಿದ ಎತ್ತರ, ಮಗ ಕೇಳಿದ ಅಂದ ಎರಡೂ ಅಷ್ಟರಲ್ಲೇ ಸಿಗುತ್ತವೆ. ಈ ಭಾನುವಾರ ಮನೆಯ ಗಾಡಿಯ ನಾಲ್ಕು ಅಳತೆ ಬರೆದುಕೊಂಡು ಸೋಮವಾರ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ತನ್ನಿ. ಒಂದೇ ಮಾದರಿಯ ಗಾಡಿಗಳ ಅಳತೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಯಾರ ಮನೆಯ ಗಾಡಿ ಎಷ್ಟು ಕುಸಿದಿದೆ ಎಂದು ಗ್ಯಾರೇಜಿಗೆ ಹೋಗುವ ಮೊದಲೇ ತಿಳಿಯುತ್ತದೆ.